ಫೋನು, ಕಿಟ್ ಲೆನ್ಸು, 50 ಎಂಎಂ: ಗುಡಿಬಂಡೆಯ ಅಮಾವಾಸ್ಯೆಯಲ್ಲಿ ಮೂರರ ಹೋಲಿಕೆ

ಬೆಟ್ಟದ ಬೆಳಗನ್ನೂ ರಾತ್ರಿಯ ಆಕಾಶವನ್ನೂ ಒಂದೇ ಸಲಕರಣೆಯಿಂದ ಕಲಿಯಬಹುದೇ ಎಂದು ತಿಳಿಯುವುದಕ್ಕಾಗಿ ಕಳೆದ ಎರಡು ಬೇಸಿಗೆಗಳಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಗುಡ್ಡಗಳಲ್ಲಿ ಮೂರು ಬಗೆಯ ಸಲಕರಣೆಗಳನ್ನು ಪಕ್ಕಪಕ್ಕದಲ್ಲಿಟ್ಟು ಪ್ರಯೋಗಿಸಿದ್ದೇನೆ. ಮೊದಲನೆಯದು ಜೇಬಿನಲ್ಲಿದ್ದ ಫೋನು. ಎರಡನೆಯದು 16,000 ರೂಪಾಯಿಗೆ ಕೊಂಡ, ಒಬ್ಬರು ಬಳಸಿ ಬಿಟ್ಟ ಡಿಎಸ್‌ಎಲ್‌ಆರ್ ಮತ್ತು ಅದರೊಂದಿಗೇ ಬಂದ 18-55 ಎಂಎಂ ಕಿಟ್ ಲೆನ್ಸು. ಮೂರನೆಯದು ಅದೇ ಕ್ಯಾಮೆರಾಕ್ಕೆ ಆಮೇಲೆ ಕೊಂಡ 50 ಎಂಎಂ ಎಫ್/1.8 ಲೆನ್ಸು (ಎಂಎಂ ಹೆಚ್ಚಿದಷ್ಟೂ ನೋಟ ಕಿರಿದಾಗುತ್ತದೆ, ಎಫ್ ಸಂಖ್ಯೆ ಕಡಿಮೆಯಾದಷ್ಟೂ ಬೆಳಕಿನ ಕಿಂಡಿ ಅಗಲವಾಗುತ್ತದೆ). ಟ್ರೈಪಾಡ್ ಮೂರಕ್ಕೂ ಒಂದೇ. ಅದು ಹಗುರವಾದದ್ದರಿಂದ ಗಾಳಿಗೆ ಅಲುಗದಂತೆ ನಡುವೆ ಕಲ್ಲು ತುಂಬಿದ ಚೀಲವನ್ನು ನೇತುಹಾಕಬೇಕಾಗುತ್ತಿತ್ತು.

ಬೆಳಗಿನ ದೃಶ್ಯದ ಮಟ್ಟಿಗೆ ಫೋನು ಸೋಲಲಿಲ್ಲ ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಆವಲಬೆಟ್ಟದ ಮೇಲಿನಿಂದ ಸೂರ್ಯ ಮೂಡುವಾಗ ಆಕಾಶ ಬೆಳಗಿ ಬಂಡೆಗಳು ಇನ್ನೂ ಕಪ್ಪಾಗಿರುತ್ತವೆ. ಫೋನು ಹಲವು ಚಿತ್ರಗಳನ್ನು ತಾನೇ ತೆಗೆದು ಬೆಸೆದು ಎರಡನ್ನೂ ಉಳಿಸಿಕೊಡುತ್ತದೆ, ಡಿಎಸ್‌ಎಲ್‌ಆರ್‌ನಲ್ಲಿ ಆ ಕೆಲಸವನ್ನು ನಾವೇ ರಾ ಫೈಲಿನಿಂದ, ಅಂದರೆ ಕ್ಯಾಮೆರಾ ತಿದ್ದದೆ ಕೊಡುವ ಮೂಲ ಕಡತದಿಂದ, ಮಾಡಬೇಕು, ಅದನ್ನು ಕಲಿಯಲು ನನಗೆ ಐದಾರು ತಿಂಗಳು ಹಿಡಿಯಿತು. ಹಗಲಿನಲ್ಲಿ 50 ಎಂಎಂ ಗೆದ್ದದ್ದು ಒಂದೇ ಕಡೆ. ಮಂಜಿನಲ್ಲಿ ಒಂದರ ಹಿಂದೊಂದು ಮಸುಕಾಗುತ್ತ ಹೋಗುವ ಬೆಟ್ಟಸಾಲುಗಳನ್ನು ಮಾತ್ರ ಆರಿಸಿಕೊಳ್ಳುವಾಗ ಅದರ ಕಿರಿದಾದ ನೋಟ ಉಪಯೋಗಕ್ಕೆ ಬಂದಿತು. ಅಲ್ಲಿ ಫೋನಿನ ಜೂಮು ದೂರದ ಮರಗಳನ್ನು ಕಲಸಿಬಿಟ್ಟಿತು.

ರಾತ್ರಿಯ ಮಾತು ಬೇರೆ. ಶಿವರಾತ್ರಿ ಮಾಘ ಬಹುಳ ಚತುರ್ದಶಿಯಂದು ಬರುವುದರಿಂದ ಅದರ ಮರುದಿನದ ಅಮಾವಾಸ್ಯೆ ನಮ್ಮ ಕೆಲಸಕ್ಕೆ ತಕ್ಕ ರಾತ್ರಿ: ಚಂದ್ರನಿಲ್ಲ, ಮಳೆಮೋಡವಿಲ್ಲ, ಜಾಗರಣೆಯ ದೀಪ ಮತ್ತು ಮೈಕುಗಳೂ ಮುಗಿದಿರುತ್ತವೆ. ನಂದಿಬೆಟ್ಟಕ್ಕೆ ರಾತ್ರಿ ಪ್ರವೇಶವಿಲ್ಲದ ಕಾರಣ ಗುಡಿಬಂಡೆಯ ಆಚೆ ಪರಿಚಯದವರ ಹೊಲದ ಹುಟ್ಟುಬಂಡೆಯೊಂದನ್ನು ಆರಿಸಿಕೊಂಡೆ. ಮೊದಲ ಸಲ ಅಲ್ಲಿ ದೀಪ ಆರಿಸಿ ಕುಳಿತಾಗ, ರಾತ್ರಿ ಕೊಡುವ ತ್ರೀ ಫೇಸ್ ಕರೆಂಟಿಗಾಗಿ ಮೋಟಾರು ಹಾಕಲು ಬಂದ ರೈತರೊಬ್ಬರು ಟಾರ್ಚು ಬಿಟ್ಟು, "ಯಾರ್ ಸ್ವಾಮಿ ಅದು, ಈ ಹೊತ್ತಲ್ಲಿ?" ಎಂದು ವಿಚಾರಿಸಿದರು; ಆ ಬೆಳಕಿನಿಂದ ಒಂದು ಚಿತ್ರ ಹಾಳಾಯಿತಾದರೂ, ಹೊಲದವರಿಗೆಲ್ಲ ಮುಂಚಿತವಾಗಿ ಹೇಳಿ ಹೋಗಬೇಕೆಂಬ ಬುದ್ಧಿ ಬಂದಿತು.

ಬೆಳಗಿನ ಜಾವ ನಾಲ್ಕರ ಸುಮಾರಿಗೆ ವೃಶ್ಚಿಕ ರಾಶಿ ಮೇಲೇರಿ, ಮೂಲಾ ನಕ್ಷತ್ರದ ಹತ್ತಿರ ಆಕಾಶಗಂಗೆಯ ದಟ್ಟ ಭಾಗ ಆಗ್ನೇಯದಲ್ಲಿ ಕಾಣಿಸಿಕೊಂಡಿತು. ಫೋನಿನ ರಾತ್ರಿ ಮೋಡಿನಲ್ಲಿ ತೆಗೆದ ಚಿತ್ರ ಸಣ್ಣ ಪರದೆಯ ಮೇಲೆ ಚೆನ್ನಾಗಿಯೇ ಇತ್ತು. ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿದಾಗ ಬಂಡೆಯ ಮೈ ಸುಣ್ಣ ಬಳಿದ ಗೋಡೆಯಂತೆ ನುಣ್ಣಗಾಗಿತ್ತು, ಸಣ್ಣ ನಕ್ಷತ್ರಗಳನ್ನು ಫೋನು ಕತ್ತಲ ಚಿತ್ರದಲ್ಲಿ ಮೂಡುವ ಕಾಳುಕಾಳು ದೋಷವೆಂದು (ನಾಯ್ಸ್) ಒರೆಸಿಹಾಕಿತ್ತು. ಎಲ್ಲವನ್ನೂ ನಾವೇ ಹೊಂದಿಸುವ ಪ್ರೊ ಮೋಡಿನಲ್ಲಿ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 3200, 20 ಸೆಕೆಂಡು ಇಟ್ಟಾಗ ನಕ್ಷತ್ರಗಳು ಉಳಿದವು, ಆದರೆ ಆಕಾಶಗಂಗೆ ಬೂದಿ ಬಣ್ಣದ ಪಟ್ಟಿಯಾಯಿತು ಮತ್ತು ಜ್ಯೇಷ್ಠಾ ನಕ್ಷತ್ರದ ಕೆಂಪು ಕಾಣಲಿಲ್ಲ.

ಕಿಟ್ ಲೆನ್ಸಿನ ಬಗ್ಗೆ ನನಗಿದ್ದ ತಾತ್ಸಾರ ಅದೇ ರಾತ್ರಿ ಹೋಯಿತು. 500ನ್ನು ಲೆನ್ಸಿನ ಎಂಎಂ ಮತ್ತು 1.5ರ (ನನ್ನ ಕ್ಯಾಮೆರಾದ ಸಣ್ಣ ಸೆನ್ಸರಿಗಾಗಿ ಹಿಡಿಯುವ ಗುಣಕ) ಗುಣಲಬ್ಧದಿಂದ ಭಾಗಿಸಿದರೆ, ಭೂಮಿಯ ತಿರುಗುವಿಕೆಯಿಂದ ನಕ್ಷತ್ರಗಳು ಗೆರೆಯಾಗದಂತೆ ಎಷ್ಟು ಸೆಕೆಂಡು ತೆರೆದಿಡಬಹುದೆಂಬ ಅಂದಾಜು ಸಿಗುತ್ತದೆ. 18 ಎಂಎಂಗೆ ಅದು 18 ಸೆಕೆಂಡು. ಮೂಲೆಗಳಲ್ಲಿ ಚುಕ್ಕೆಗಳು ಎಳೆದಂತೆ ಕಂಡದ್ದರಿಂದ ನಾನು 13ಕ್ಕೆ ಇಳಿಸಿದೆ. ಎಫ್/3.5, ಐಎಸ್‌ಒ 3200ರಲ್ಲಿ ಆಕಾಶಗಂಗೆಯ ನಡುವಿನ ಕಪ್ಪು ಧೂಳಿನ ಸೀಳುಗಳೂ ಕೆಳಗೆ ಬಂಡೆಯ ಅಂಚೂ ಒಂದೇ ಚಿತ್ರದಲ್ಲಿ ಬಂದವು. ಕಷ್ಟವಿದ್ದದ್ದು ಫೋಕಸಿನಲ್ಲಿ. ಉಂಗುರವನ್ನು ಕೊನೆಯವರೆಗೆ ತಿರುಗಿಸಿದರೆ ಅನಂತ ದೂರಕ್ಕೆ ನಿಲ್ಲುತ್ತದೆಂದು ನಂಬಿ ಹಿಂದಿನ ತಿಂಗಳು 40 ಚಿತ್ರಗಳನ್ನು ಮಸುಕಾಗಿ ತೆಗೆದು ಮನೆಗೆ ಬಂದಿದ್ದೆ. ಲೈವ್ ವ್ಯೂನಲ್ಲಿ, ಅಂದರೆ ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿ, ಒಂದು ಪ್ರಖರ ನಕ್ಷತ್ರವನ್ನು 10 ಪಟ್ಟು ದೊಡ್ಡದು ಮಾಡಿ, ಅದು ಅತಿ ಸಣ್ಣ ಚುಕ್ಕೆಯಾಗುವವರೆಗೆ ಉಂಗುರವನ್ನು ಕೂದಲೆಳೆಯಷ್ಟು ಆಚೀಚೆ ಸರಿಸುವುದೇ ಸರಿಯಾದ ದಾರಿ.

ಲೆಕ್ಕದಲ್ಲಿ 50 ಎಂಎಂ ಲೆನ್ಸಿನ ಮುಂದೆ ಕಿಟ್ ಲೆನ್ಸು ನಿಲ್ಲುವಂತಿಲ್ಲ. ಎಫ್/1.8ರಲ್ಲಿ ಅದರ ಬೆಳಕಿನ ಕಿಂಡಿ ಸುಮಾರು 28 ಮಿ.ಮೀ. ಅಗಲ, 18 ಎಂಎಂ ಎಫ್/3.5ರದ್ದು ಸುಮಾರು 5 ಮಿ.ಮೀ. ಆದ್ದರಿಂದ 6 ಸೆಕೆಂಡಿನಲ್ಲೇ, ಕಿಟ್ ಲೆನ್ಸು ಮುಟ್ಟದ ನಕ್ಷತ್ರಗಳು ಮೂಡಿದವು. ಆದರೆ ಪೂರ್ತಿ ತೆರೆದಾಗ ಅಂಚಿನ ನಕ್ಷತ್ರಗಳಿಗೆ ಹಕ್ಕಿಯ ರೆಕ್ಕೆ ಮೂಡುತ್ತದೆ, ಕಿಂಡಿಯನ್ನು ಎಫ್/2.8ಕ್ಕೆ ಕಿರಿದಾಗಿಸಿದರೆ ಮಾತ್ರ ಚಿತ್ರ ಶುದ್ಧವಾಗುತ್ತದೆ. ಕಿಟ್ ಲೆನ್ಸು 65 ಡಿಗ್ರಿಯಷ್ಟು ಅಗಲ ನೋಡುವಾಗ ಇದು ನೋಡುವುದು 26 ಡಿಗ್ರಿ. ವೃಶ್ಚಿಕ ಒಂದೇ ಚೌಕಟ್ಟನ್ನೆಲ್ಲ ತುಂಬಿಕೊಳ್ಳುತ್ತದೆ, ನೆಲಕ್ಕೆ ಜಾಗವಿಲ್ಲ. ಅಂಥ 30 ಚಿತ್ರಗಳನ್ನು ಸಿಕ್ವೇಟರ್ ಎಂಬ ಉಚಿತ ತಂತ್ರಾಂಶದಲ್ಲಿ ಒಂದರ ಮೇಲೊಂದು ಕೂಡಿಸಿದಾಗ ಸಿಕ್ಕ ಚಿತ್ರ ನಾನು ತೆಗೆದವುಗಳಲ್ಲೆಲ್ಲ ಉತ್ತಮವಾದದ್ದು. ಆದರೆ ನೆಲವೇ ಇಲ್ಲದ ಅದನ್ನು ನಿಸರ್ಗದೃಶ್ಯ ಎಂದು ಕರೆಯಲಾಗದು. ಬೆಟ್ಟದ ಬೆಳಗು, ರಾತ್ರಿಯ ಆಕಾಶ ಎರಡನ್ನೂ ಕಲಿಯಬಯಸುವವರಿಗೆ ನನ್ನ ಆಯ್ಕೆ ಕಿಟ್ ಲೆನ್ಸೇ.

ಲೆನ್ಸಿನಷ್ಟೇ ವ್ಯತ್ಯಾಸವನ್ನು ಬೆಂಗಳೂರು ಯಾವ ದಿಕ್ಕಿಗಿದೆ ಎಂಬುದೂ ಮಾಡುತ್ತದೆ. ಗುಡಿಬಂಡೆಯಿಂದ ಅದು ದಕ್ಷಿಣಕ್ಕಿದೆ. ಮಾರ್ಚಿನ ಜಾವದಲ್ಲಿ ಆಕಾಶಗಂಗೆ ನಗರದ ಬೆಳಕಿನ ಎಡಕ್ಕೆ, ಆಗ್ನೇಯದಲ್ಲಿರುತ್ತದೆ, ಆದರೆ ಮೇ ತಿಂಗಳಲ್ಲಿ ನಡುರಾತ್ರಿ ಕಳೆದ ಮೇಲೆ ಸರಿಯಾಗಿ ಅದರ ನೆತ್ತಿಯ ಮೇಲೆ ಬಂದು ನಿಲ್ಲುತ್ತದೆ. ಅದೇ ಮೇ ತಿಂಗಳಲ್ಲಿ ಮುಳಬಾಗಿಲಿನ ಕಡೆಯಿಂದ ಕಿಟ್ ಲೆನ್ಸಿನಲ್ಲಿ ತೆಗೆದ ಚಿತ್ರ ಗುಡಿಬಂಡೆಯದಕ್ಕಿಂತ ಸ್ವಚ್ಛವಾಗಿತ್ತು, ಏಕೆಂದರೆ ಅಲ್ಲಿಗೆ ಬೆಂಗಳೂರು ಪಶ್ಚಿಮ. ಮಧುಗಿರಿಯವರಿಗೆ ಲೆಕ್ಕ ತಿರುಗುಮುರುಗಾಗುತ್ತದೆ: ನಗರ ಆಗ್ನೇಯದ ಕಡೆಗಿರುವುದರಿಂದ ಮಾರ್ಚಿನ ಜಾವಕ್ಕಿಂತ ಆಕಾಶಗಂಗೆ ನೈಋತ್ಯಕ್ಕೆ ವಾಲುವ ಅಕ್ಟೋಬರಿನ ಸಂಜೆ ಮೇಲು, ಮೋಡ ಬಿಟ್ಟರೆ. ಊರ ಹತ್ತಿರದ ಬೆಳಕೂ ಕಡಿಮೆಯಲ್ಲ. ಸೇವಂತಿಗೆ ಬೇಗ ಹೂಬಿಡದೆ ಗಿಡ ಬೆಳೆಯಲೆಂದು ರಾತ್ರಿಯೆಲ್ಲ ಬಲ್ಬು ಉರಿಸುವ ತೋಟಗಳು ನಮ್ಮ ಕಡೆ ಇವೆ. ಅಂಥ ಒಂದು ತೋಟ ಚಿತ್ರದ ಮೂಲೆಗೆ ಬಂದು ಮೂರೂ ಲೆನ್ಸುಗಳನ್ನು ಸಮಾನವಾಗಿ ಸೋಲಿಸಿತು.

ಈಗ ಬೆಟ್ಟ ಹತ್ತುವುದಿದ್ದರೆ ಕಿಟ್ ಲೆನ್ಸು ಮಾತ್ರ ಚೀಲದಲ್ಲಿರುತ್ತದೆ. ಕಾರು ನಿಲ್ಲುವ ಹೊಲದ ಬದುವಿನಲ್ಲೇ ಕೂರುವುದಾದರೆ 50 ಎಂಎಂ ಕೂಡ ಬರುತ್ತದೆ. ಫೋನು ಸ್ಟೆಲೇರಿಯಂ ಎಂಬ ಆಕಾಶನಕ್ಷೆಯ ಆ್ಯಪಿನಲ್ಲಿ ವೃಶ್ಚಿಕ ಯಾವ ಬಂಡೆಯ ಹಿಂದಿನಿಂದ ಏಳುತ್ತದೆಂದು ಸಂಜೆಯೇ ತೋರಿಸಿ, ಬೆಳಕು ಹರಿದ ಮೇಲೆ ಮಂಜಿನ ಚಿತ್ರಕ್ಕಾಗಿ ಮತ್ತೆ ಹೊರಬರುತ್ತದೆ.