ಗೆರೆಯ ಮೇಲೆ ಮಾತು ಕೇಳುವ ತಂತ್ರಾಂಶ: ಸಿಮ್ಯಾಪ್ ಟೂಲ್ಸ್ ಕನ್ನಡದಲ್ಲಿ ಓದುವವರಿಗೆ ಒಗ್ಗುತ್ತದೆಯೇ?

ಪರಿಕಲ್ಪನಾ ನಕ್ಷೆ ಅಂದಕೂಡಲೇ ಬಿ.ಇಡಿ ಮಾಡಿದವರ ಕಣ್ಣಮುಂದೆ ಬರುವುದು ಪಾಠಯೋಜನೆಯ ಒಂದು ಪುಟ. ನಡುವೆ ಒಂದು ವೃತ್ತ, ಸುತ್ತ ಆರೇಳು ಬಾಣ, ನಾಲ್ಕು ಬಣ್ಣದ ಸ್ಕೆಚ್ ಪೆನ್ನು. ನೋಡಲು ಚೆಂದ, ಆದರೆ ಓದಿಗೆ ಅದರಿಂದ ದಕ್ಕುವುದು ಕಡಿಮೆ. ಬಾಣ ಯಾಕೆ ಹೋಯಿತು ಎಂದು ಬಾಣದ ಮೇಲೆ ಬರೆದಿರುವುದಿಲ್ಲ. 1972ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ನೊವಾಕ್ ಮತ್ತು ಅವರ ತಂಡ ಈ ಪದ್ಧತಿ ರೂಪಿಸಿದ್ದೇ ಮಕ್ಕಳ ವಿಜ್ಞಾನದ ತಿಳಿವಳಿಕೆ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗುತ್ತದೆ ಎಂದು ಹಿಡಿದಿಡಲು. ಹಾಗಾಗಿ ಅದರ ಕಟ್ಟಳೆ ಒಂದೇ: ಎರಡು ಪೆಟ್ಟಿಗೆ ಮತ್ತು ಅವುಗಳ ನಡುವಿನ ಗೆರೆಯ ಮೇಲಿನ ಮಾತು ಸೇರಿ ಒಂದು ಪೂರ್ತಿ ವಾಕ್ಯವಾಗಬೇಕು.

ಕಂಪ್ಯೂಟರಿನಲ್ಲಿ ಇಂಥ ನಕ್ಷೆ ಬಿಡಿಸುವ ತಂತ್ರಾಂಶ ಸಿಮ್ಯಾಪ್ ಟೂಲ್ಸ್, ಈ ಕಟ್ಟಳೆಯನ್ನು ಬಿಡದೆ ಪಾಲಿಸುತ್ತದೆ. ಫ್ಲಾರಿಡಾದ ಐಎಚ್‌ಎಂಸಿ ಎಂಬ ಸಂಶೋಧನಾ ಸಂಸ್ಥೆಯದು, ನೊವಾಕ್ ಅವರೂ ಕೈಜೋಡಿಸಿದ ಕೆಲಸ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಇದೆ, ದುಡ್ಡು ಕೊಡಬೇಕಿಲ್ಲ. ಖಾಲಿ ಜಾಗದಲ್ಲಿ ಎರಡು ಸಲ ಕ್ಲಿಕ್ ಮಾಡಿದರೆ ಪ್ರಶ್ನಾರ್ಥಕ ಚಿಹ್ನೆಗಳಿರುವ ಪೆಟ್ಟಿಗೆ ಬರುತ್ತದೆ, ಅದರಲ್ಲಿ ಪರಿಕಲ್ಪನೆ ಬರೆಯುವುದು. ಪೆಟ್ಟಿಗೆಯ ತಲೆಯ ಮೇಲೆ ಕಾಣುವ ಬಾಣದ ಗುರುತನ್ನು ಹಿಡಿದು ಎಳೆದು ಇನ್ನೊಂದು ಪೆಟ್ಟಿಗೆಯ ಮೇಲೆ ಬಿಟ್ಟರೆ ಗೆರೆ. ಆ ಗೆರೆಯ ನಡುವೆಯೂ ಪ್ರಶ್ನಾರ್ಥಕ ಚಿಹ್ನೆ ಕೂತಿರುತ್ತದೆ. ಏನಾದರೂ ಬರೆಯುವವರೆಗೆ ಅದು ಹೋಗುವುದಿಲ್ಲ. ಈ ಸಣ್ಣ ಹಟಕ್ಕಾಗಿಯೇ ಈ ತಂತ್ರಾಂಶ ಬಳಸಬೇಕು. ಬೇರೆ ಚಿತ್ರ ಬಿಡಿಸುವ ತಂತ್ರಾಂಶಗಳಲ್ಲೂ ಗೆರೆಯ ಮೇಲೆ ಬರೆಯಬಹುದು, ಆದರೆ ಬರೆಯದೆ ಬಿಟ್ಟರೆ ಕೇಳುವವರಿಲ್ಲ. ಇನ್ನೊಂದು ಅನುಕೂಲವೂ ಇದೆ: ಇಲ್ಲಿ ಸಂಪರ್ಕದ ಮಾತೇ ಒಂದು ಸ್ವತಂತ್ರ ತುಂಡು. ಒಂದೇ ಮಾತಿನಿಂದ ಮೂರು ಪೆಟ್ಟಿಗೆಗೆ ಕವಲು ತೆಗೆಯಬಹುದು, ಅದೇ ಮಾತನ್ನು ಮೂರು ಕಡೆ ಬರೆಯುವ ಕೆಲಸ ತಪ್ಪುತ್ತದೆ.

ಕನ್ನಡದಲ್ಲಿ ಮಾಡಲು ಕೂತಾಗ ಒಂದು ತೊಡಕು ಎದುರಾಗುತ್ತದೆ, ಅದು ತಂತ್ರಾಂಶದ ತಪ್ಪಲ್ಲ. ಈ ಪದ್ಧತಿ ಹುಟ್ಟಿದ್ದು ಕ್ರಿಯಾಪದ ನಡುವೆ ಬರುವ ಭಾಷೆಯಲ್ಲಿ. ನಮ್ಮಲ್ಲಿ ಕ್ರಿಯಾಪದ ಕೊನೆಗೆ. ‘ಸಸ್ಯ – ಹೊಂದಿದೆ – ಬೇರು’ ಅಂತ ಬರೆದರೆ ಅದನ್ನು ಯಾರೂ ಬಾಯಿಬಿಟ್ಟು ಓದಲಾರರು. ವಿಭಕ್ತಿಯ ಕಾಟ ಬೇರೆ: ಒಂದೇ ಪೆಟ್ಟಿಗೆಗೆ ನಾಲ್ಕು ಗೆರೆ ಬಂದರೆ ಒಂದಕ್ಕೆ ‘ನೀರಿಗೆ’ ಬೇಕು, ಇನ್ನೊಂದಕ್ಕೆ ‘ನೀರನ್ನು’, ಮತ್ತೊಂದಕ್ಕೆ ‘ನೀರಿನಲ್ಲಿ’. ದಾರಿ ಇದು: ವಿಭಕ್ತಿ ಪ್ರತ್ಯಯವನ್ನು ಗೆರೆಯ ಮಾತಿನ ಶುರುವಿಗೆ ತನ್ನಿ, ಕೊನೆಯಲ್ಲಿ ‘–ವುದು’ ಅಥವಾ ‘–ದ್ದು’ ಇಡಿ. ಪೆಟ್ಟಿಗೆಯ ಪದಗಳು ಪ್ರಥಮಾ ವಿಭಕ್ತಿಯಲ್ಲೇ ತಣ್ಣಗಿರುತ್ತವೆ. ‘ಕನ್ನಂಬಾಡಿ ಕಟ್ಟೆ – ಯಿಂದ ಹೊರಡುವುದು – ವಿಶ್ವೇಶ್ವರಯ್ಯ ನಾಲೆ’. ‘ನಾಲೆ – ಯಿಂದ ನೀರು ಪಡೆಯುವುದು – ಕಬ್ಬಿನ ಗದ್ದೆ’. ‘ಮಂಡ್ಯ – ದಲ್ಲಿ 1933ರಲ್ಲಿ ಶುರುವಾದದ್ದು – ಮೈಸೂರು ಸಕ್ಕರೆ ಕಂಪನಿ’. ಓದಿ ನೋಡಿ, ಹಳೆಮೈಸೂರಿನ ಯಾವ ಜಗಲಿಯಲ್ಲಾದರೂ ಕೇಳುವ ಮಾತೇ. ‘ಕಬ್ಬು’ವಿನಂಥ ಪದಕ್ಕೆ ‘–ನಿಂದ’ ಹಚ್ಚುವಾಗ ಸಂಧಿ ಸರಿಯಾಗಿ ಕೂರುವುದಿಲ್ಲ, ಅಲ್ಲಿ ಮನಸ್ಸಿನಲ್ಲೇ ‘ಕಬ್ಬಿನಿಂದ’ ಎಂದು ಓದಿಕೊಳ್ಳಿ.

ಇದೇ ವಿಷಯವನ್ನು ಪೂರ್ತಿ ನಕ್ಷೆ ಮಾಡುವುದಾದರೆ ಮೊದಲು ಬೇಕಾದದ್ದು ಪ್ರಶ್ನೆ. ‘ಕೆಆರ್‌ಎಸ್’ ಎಂದು ಶೀರ್ಷಿಕೆ ಕೊಟ್ಟು ಕೂತರೆ ಬೃಂದಾವನ, ಸಂಗೀತ ಕಾರಂಜಿ, ಎತ್ತರ, ಉದ್ದ ಎಲ್ಲ ಒಳಗೆ ನುಗ್ಗುತ್ತವೆ. ‘ಕನ್ನಂಬಾಡಿ ಕಟ್ಟೆಯಿಂದ ಮಂಡ್ಯ ಸೀಮೆಯ ಬೇಸಾಯ ಹೇಗೆ ಬದಲಾಯಿತು?’ ಎಂದು ಕೇಳಿಕೊಂಡರೆ ಅರ್ಧ ಸರಕು ತಾನಾಗಿ ಉದುರುತ್ತದೆ. ಈ ಪ್ರಶ್ನೆಯನ್ನು ಬರೆದಿಡಲು ಫೈಲ್ ಉಳಿಸುವಾಗ ಒಂದು ಖಾನೆ ಕೊಟ್ಟಿದ್ದಾರೆ. ಬಹಳ ಜನ ಅದನ್ನು ಖಾಲಿ ಬಿಡುತ್ತಾರೆ. ಬಿಡಬೇಡಿ.

ಆಮೇಲೆ 15ರಿಂದ 25 ಪದ ಪಟ್ಟಿ ಮಾಡಿ, ಅದಕ್ಕಿಂತ ಹೆಚ್ಚು ಬೇಡ. ಕಾವೇರಿ, ಜಲಾಶಯ, ನಾಲೆ, ಮಳೆಯಾಶ್ರಿತ ರಾಗಿ, ಭತ್ತ, ಕಬ್ಬು, ಆಲೆಮನೆ, ಸಕ್ಕರೆ ಕಾರ್ಖಾನೆ, ಹೀಗೆ. ಎಲ್ಲವನ್ನೂ ಪರದೆಯ ಬಲಗಡೆ ಗೆರೆಯಿಲ್ಲದೆ ಸಾಲಾಗಿ ನಿಲ್ಲಿಸಿಟ್ಟು, ಬೇಕಾದಂತೆ ಒಂದೊಂದನ್ನೇ ಎಳೆದು ತನ್ನಿ. ಕೊನೆಗೆ ಅಲ್ಲೇ ಉಳಿದ ಪದ ಈ ಪ್ರಶ್ನೆಗೆ ಸಲ್ಲದ್ದು, ಇಲ್ಲವೇ ನಿಮಗೆ ಇನ್ನೂ ಅರ್ಥವಾಗದ್ದು. ವ್ಯಾಪಕವಾದದ್ದು ಮೇಲೆ, ನಿರ್ದಿಷ್ಟವಾದದ್ದು ಕೆಳಗೆ. ಇಸವಿಗಳಿಗೆ ಪೆಟ್ಟಿಗೆ ಕೊಡಬೇಡಿ. ಮೇಲಿನ 1933ರಂತೆ ಅವೆಲ್ಲ ಗೆರೆಯ ಮಾತಿನೊಳಗೆ ಸೇರಬೇಕು, ಯಾಕೆಂದರೆ ಇಸವಿ ಯಾವಾಗಲೂ ಒಂದು ಘಟನೆಯದು.

ಒಂದು ಕವಲಿನಿಂದ ಇನ್ನೊಂದು ಕವಲಿಗೆ ಎಳೆಯುವ ಅಡ್ಡ ಸಂಪರ್ಕವೇ ನಕ್ಷೆಯ ತಿರುಳು. ಬೇಸಾಯದ ಕವಲು ಒಂದು ಕಡೆ ಇಳಿದಿದೆ, ವಿದ್ಯುತ್ತಿನ ಕವಲು ಇನ್ನೊಂದು ಕಡೆ: 1902ರಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಕೊಟ್ಟ ಶಿವನಸಮುದ್ರ. ಬೇಸಿಗೆಯಲ್ಲಿ ಹೊಳೆ ಸೊರಗಿದರೆ ಅಲ್ಲಿನ ಯಂತ್ರಗಳಿಗೂ ನೀರಿಲ್ಲ. ‘ಕನ್ನಂಬಾಡಿ ಕಟ್ಟೆ – ಯಿಂದ ವರ್ಷವಿಡೀ ನೀರು ಪಡೆಯುವುದು – ಶಿವನಸಮುದ್ರ ವಿದ್ಯುದಾಗಾರ’ ಎಂಬ ಒಂದು ಗೆರೆ ಎಳೆದ ಮೇಲೆ, ಕಟ್ಟೆ ಬರೀ ಗದ್ದೆಗಾಗಿ ಹುಟ್ಟಿದ್ದಲ್ಲ ಎಂಬುದು ಪರೀಕ್ಷೆಯಲ್ಲಿ ಕೈಕೊಡುವುದಿಲ್ಲ. ಇಂಥ ಎರಡು ಮೂರು ಗೆರೆ ಸಾಕು. ಎಲ್ಲದಕ್ಕೂ ಎಲ್ಲವನ್ನೂ ಕಟ್ಟಿದರೆ ಜೇಡರ ಬಲೆ.

ಕೆಡುವ ರೀತಿಗಳು ಹೆಚ್ಚೇನಿಲ್ಲ. ಗೆರೆಯ ಮೇಲೆ ‘ಸಂಬಂಧಿಸಿದೆ’ ಎಂದು ಬರೆಯುವುದು ಮೊದಲನೆಯದು, ಅದು ಪ್ರಶ್ನಾರ್ಥಕ ಚಿಹ್ನೆಯನ್ನು ಅಳಿಸುವ ಕಳ್ಳದಾರಿ. ಪೆಟ್ಟಿಗೆಯೊಳಗೆ ಇಡೀ ವಾಕ್ಯ ತುರುಕುವುದು ಎರಡನೆಯದು. ಹತ್ತು ಪೆಟ್ಟಿಗೆ ರೈಲಿನ ಬೋಗಿಯಂತೆ ಒಂದರ ಹಿಂದೊಂದು ನಿಂತರೆ ಅದು ಟಿಪ್ಪಣಿಯೇ, ನಕ್ಷೆಯ ವೇಷದಲ್ಲಿ. ಆಟೊ ಲೇಔಟ್ ಗುಂಡಿ ಒತ್ತಬೇಡಿ. ನೀವು ಕೈಯಾರೆ ಇಟ್ಟ ಮೇಲುಕೆಳಗಿನ ಕ್ರಮವನ್ನು ಅದು ತನ್ನಿಷ್ಟಕ್ಕೆ ಕಲಸಿಬಿಡುತ್ತದೆ. ಗಣಿತದ ಸಾಧನೆಗಳಿಗೆ, ಛಂದಸ್ಸಿನ ಪ್ರಸ್ತಾರಕ್ಕೆ ಈ ಪದ್ಧತಿಯೇ ಒಗ್ಗದು. ಅಲ್ಲಿ ಬರೆದು ಬರೆದೇ ಕಲಿಯಬೇಕು.

ಕಂಪ್ಯೂಟರ್ ಇಲ್ಲದವರು ಕಾಗದದಲ್ಲೇ ಮಾಡಬಹುದು, ಆದರೆ ಅಳತೆ ನೋಡಿಕೊಳ್ಳಿ. ಮೂರಿಂಚಿನ ಚೌಕದ ಸ್ಟಿಕಿ ನೋಟ್ ಎ3 ಹಾಳೆಯಲ್ಲಿ ಐದರಂತೆ ಮೂರು ಸಾಲು, ಹದಿನೈದಕ್ಕೇ ಹಾಳೆ ತುಂಬಿ ಗೆರೆಗೆ ಜಾಗವಿರುವುದಿಲ್ಲ. ಒಂದೊಂದನ್ನೂ ನಾಲ್ಕು ತುಂಡು ಮಾಡಿದರೆ ಅಂಟು ಇರುವುದು ಮೇಲಿನ ಎರಡಕ್ಕೆ ಮಾತ್ರ. ನೆಟ್ಟಗೆ ಅರ್ಧಕ್ಕೆ ಸೀಳಿ, ಎರಡಕ್ಕೂ ಅಂಟು ಸಿಗುತ್ತದೆ, ಹಾಳೆ ಮಾತ್ರ ಪೂರ್ತಿ ಅಳತೆಯ ಚಾರ್ಟ್ ಪೇಪರ್ ಇರಲಿ. ಗೆರೆ ಪೆನ್ಸಿಲ್ಲಿನಲ್ಲಿ. ಮೂರು ಸಲವಾದರೂ ಅಳಿಸುತ್ತೀರಿ.

ತಂತ್ರಾಂಶದ ಬಗ್ಗೆ ದೂರುಗಳೂ ಇವೆ. ನೋಟ ಹಳೆಯ ಕಾಲದ್ದು. ಬ್ರೌಸರಿನಲ್ಲಿ ಬಳಸಲು ಸಿಮ್ಯಾಪ್ ಕ್ಲೌಡ್, ಐಪ್ಯಾಡಿಗೆ ಆ್ಯಪ್ ಇವೆ, ಆದರೆ ಮೊಬೈಲ್ ಪರದೆಯಲ್ಲಿ ಇಪ್ಪತ್ತು ಪೆಟ್ಟಿಗೆ ಒಟ್ಟಿಗೆ ನೋಡುವುದು ಕಣ್ಣಿಗೆ ಶಿಕ್ಷೆ. ಕನ್ನಡವನ್ನು ಯೂನಿಕೋಡಿನಲ್ಲೇ ಟೈಪಿಸಿ. ಹಳೆಯ ಆಸ್ಕಿ ಫಾಂಟಿನಲ್ಲಿ ಮಾಡಿದ ನಕ್ಷೆಯನ್ನು ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅಂಗಡಿಗೆ ಹೋಗುವ ಮೊದಲೇ ಚಿತ್ರವಾಗಿ ಉಳಿಸಿಕೊಂಡರೆ ಆ ರಗಳೆಯೇ ಇಲ್ಲ. ಎ4ನಲ್ಲಿ ಇಪ್ಪತ್ತು ಪೆಟ್ಟಿಗೆಯ ಅಕ್ಷರ ಸಣ್ಣದಾಗುತ್ತದೆ, ಎ3 ತೆಗೆಸಿ. ಪೆಟ್ಟಿಗೆಗೆ ಗಾಢ ಬಣ್ಣ ತುಂಬಿದ್ದರೆ ಕಪ್ಪುಬಿಳುಪಿನಲ್ಲಿ ಅಕ್ಷರ ಮುಳುಗುತ್ತದೆ.

ಪೆಟ್ಟಿಗೆಗೆ ಫೋಟೊ, ಪಿಡಿಎಫ್ ಅಂಟಿಸಬಹುದು. ಆದರೆ ಅವು ನಕ್ಷೆಯ ಫೈಲಿನೊಳಗೆ ಇರುವುದಿಲ್ಲ, ಪಕ್ಕದಲ್ಲಿರುತ್ತವೆ. ಬರೀ ನಕ್ಷೆಯನ್ನು ಪೆನ್ ಡ್ರೈವಿಗೆ ಹಾಕಿಕೊಂಡು ಹೋದರೆ ಕೊಂಡಿಗಳು ಕಡಿಯುತ್ತವೆ. ಫೋಲ್ಡರುಗಳನ್ನು ವಿಂಡೋಸಿನಲ್ಲಿ ಸರಿಸದೆ, ತಂತ್ರಾಂಶದ ‘ವ್ಯೂಸ್’ ಕಿಟಕಿಯಿಂದಲೇ ಸರಿಸಿ.

ಯಾರೂ ಹೆಚ್ಚು ಬಳಸದ ಒಂದು ಸೌಲಭ್ಯ ಎಕ್ಸ್‌ಪೋರ್ಟ್ ಮೆನುವಿನಲ್ಲಿದೆ: ‘ಪ್ರೊಪೊಸಿಶನ್ಸ್ ಆ್ಯಸ್ ಟೆಕ್ಸ್ಟ್’. ನಕ್ಷೆಯ ಪ್ರತಿಯೊಂದು ವಾಕ್ಯವನ್ನೂ ಪದ, ಮಾತು, ಪದ ಎಂದು ಸಾಲಾಗಿ ಇಳಿಸಿಕೊಡುತ್ತದೆ. ಅದನ್ನು ಸ್ಪ್ರೆಡ್‌ಶೀಟಿಗೆ ಹಾಕಿ ನಡುವಿನ ಕಾಲಂ ಅನ್ನು ಮರೆಮಾಡಿ, ಎರಡು ಪದ ನೋಡಿ ನಡುವಿನ ಮಾತು ಹೇಳಿಕೊಳ್ಳಿ. ‘ಮಳೆಯಾಶ್ರಿತ ರಾಗಿ’ ಮತ್ತು ‘ನಾಲೆ’ ನಡುವೆ ಏನಿತ್ತು ಎಂದು ತಡವರಿಸಿದರೆ ಆ ಗೆರೆಯನ್ನು ಅಳಿಸಿ, ಪುಸ್ತಕ ತೆರೆದು, ಇನ್ನೊಮ್ಮೆ ಎಳೆಯಿರಿ.