ಬಾದಾಮಿ ಕೆರೆ ದಂಡೆಯಲ್ಲಿ ಜಲವರ್ಣ ತರಗತಿ: ಹೊಸಬರು ಹೋಗಬಹುದಾ?

ಬಣ್ಣದ ಡಬ್ಬಿ ಮಗಳದು. ಅವಳು ಹಾಸ್ಟೆಲ್ ಸೇರಿದ ಮೇಲೆ ಕಪಾಟಿನಲ್ಲಿ ಸುಮ್ನೆ ಬಿದ್ದಿತ್ತು. ಅದನ್ನೇ ಚೀಲಕ್ಕೆ ಹಾಕಿಕೊಂಡು ಬಾಗಲಕೋಟೆಯಿಂದ ಬೆಳಗಿನ ಬಸ್ಸಿಗೆ ಬಾದಾಮಿಗೆ ಹೋದೆ. ಅಲ್ಲಿನ ಕೆರೆ ಅಗಸ್ತ್ಯ ತೀರ್ಥದ ದಂಡೆಯಲ್ಲಿ ಒಂದು ದಿನದ ತರಗತಿ. ಫೀ 700 ರೂಪಾಯಿ. 11 ಜನ ಇದ್ದೆವು, ಹೆಚ್ಚಿನವರು ನನ್ನ ಹಾಗೆ ಶಾಲೆ ಬಿಟ್ಟ ಮೇಲೆ ಬ್ರಷ್ ಹಿಡಿಯದವರು.

ಎದುರು ದಂಡೆಯಲ್ಲಿ ಭೂತನಾಥ ಗುಡಿ, ಹಿಂದೆ ಕೆಂಪು ಮರಳುಗಲ್ಲಿನ ಗುಡ್ಡ, ನಡುವೆ ನೀರು. ಮೊದಲ ಅರ್ಧ ಗಂಟೆ ಸರ್ ಬಣ್ಣ ಮುಟ್ಟಲು ಬಿಡಲಿಲ್ಲ. "ಗುಡಿ ಒಂದು ಡಬ್ಬಿ ಅಂತ ತಿಳೀರಿ, ಕಂಬ ಎಣಿಸಬ್ಯಾಡ್ರಿ" ಅಂದರು. ಅಷ್ಟರಿಂದಲೇ ನನ್ನ ಭಯ ಹೋಯಿತು. ಗುಡ್ಡಕ್ಕೆ ಯೆಲ್ಲೋ ಆಕರ್ ಅನ್ನುವ ಮಣ್ಣು ಹಳದಿ, ಬರ್ನ್ಟ್ ಸಿಯೆನ್ನಾ ಅನ್ನುವ ಕೆಂಪು ಕಂದು. ನೆರಳಿಗೆ ಅದೇ ಸಿಯೆನ್ನಾಕ್ಕೆ ಸ್ವಲ್ಪ ಅಲ್ಟ್ರಾಮರೀನ್ ನೀಲಿ. ಕಪ್ಪು ಟ್ಯೂಬ್ ಚೀಲದಲ್ಲೇ ಉಳಿಯಿತು.

ನೀರಿನ ಪಾಠಕ್ಕಾಗಿಯೇ ಈ ತರಗತಿಗೆ ಹೋಗಬೇಕು. ನಾನು ಯಾವಾಗಲೂ ನೀರು ಅಂದರೆ ನೀಲಿ ಬಳಿಯುತ್ತಿದ್ದೆ. ಸರ್ ಹತ್ತು ನಿಮಿಷ ಸುಮ್ಮನೆ ಕೆರೆ ನೋಡಲು ಹೇಳಿದರು. ಅಲ್ಲಿ ನೀಲಿ ಎಲ್ಲಿತ್ತು? ಹಸಿರು ಇತ್ತು, ಗುಡ್ಡದ ಕೆಂಪು ಇತ್ತು. ಗುಡಿಯ ಪ್ರತಿಬಿಂಬ ಗುಡಿಯ ನೇರ ಕೆಳಗೇ ಬೀಳಬೇಕು, ಓರೆಯಾಗಬಾರದು. ತಿಳಿ ಬಣ್ಣದ್ದು ನೀರಲ್ಲಿ ಸ್ವಲ್ಪ ಗಾಢ, ಗಾಢವಾದದ್ದು ಸ್ವಲ್ಪ ತಿಳಿ. ಹಾಳೆ ಒದ್ದೆ ಇದ್ದಾಗ ಬ್ರಷ್ ಮೇಲಿನಿಂದ ಕೆಳಗೆ ಎಳೆಯಬೇಕು. ಒಣಗಿದ ಮೇಲೆ ಒಣ ಬ್ರಷ್‌ನಿಂದ ಅಡ್ಡಕ್ಕೆ ಒಂದೇ ಗೆರೆ. ಆ ಒಂದು ಗೆರೆಗೆ ನನ್ನ ಹಾಳೆಯ ಮೇಲೆ ಕೆರೆ ಮಲಗಿತು! ಪಕ್ಕದಲ್ಲಿದ್ದ ಅಕ್ಕನಿಗೆ ಎರಡು ಸಲ ತೋರಿಸಿದೆ.

ಎರಡು ವಿಷಯ ಸರಿ ಅನಿಸಲಿಲ್ಲ. ಫೀ ಜೊತೆ ಕೊಟ್ಟ ಹಾಳೆ ತೆಳ್ಳಗಿತ್ತು. ನೀರು ಬಿದ್ದ ಕೂಡಲೇ ಹಪ್ಪಳದ ಹಾಗೆ ಉಬ್ಬಿ, ಬಣ್ಣವೆಲ್ಲ ತಗ್ಗಿನಲ್ಲಿ ನಿಂತು ನನ್ನ ಮೊದಲ ಚಿತ್ರ ಹಾಳಾಯಿತು. ಹೊಸಬರಿಗೇ ಒಳ್ಳೆ ಹಾಳೆ ಬೇಕು, ಅಲ್ವಾ? ನೀವು ಹೋಗುವುದಾದರೆ 300 ಜಿಎಸ್‌ಎಂನ ದಪ್ಪ ಹಾಳೆ ನಾಲ್ಕಾದರೂ ಒಯ್ಯಿರಿ, ಅಂಚಿಗೆ ಟೇಪ್ ಹಚ್ಚಿ. ಇನ್ನೊಂದು, ಹೊತ್ತು. ಗುಡಿ ಕೆರೆಯ ಪೂರ್ವ ದಂಡೆಯಲ್ಲಿದೆ. ಬೆಳಿಗ್ಗೆ ಬಿಸಿಲು ಅದರ ಬೆನ್ನಿಗೆ ಇರುತ್ತದೆ, ಕಲ್ಲಿನ ಕೆಂಪು ಅಷ್ಟಾಗಿ ಕಾಣುವುದಿಲ್ಲ. ತರಗತಿ ಎರಡಕ್ಕೆ ಮುಗಿಯಿತು. ನಾನು ಒಬ್ಬಳೇ ನಾಲ್ಕರವರೆಗೆ ಕೂತೆ. ಆಗ ನೋಡಬೇಕಿತ್ತು ಆ ಗುಡ್ಡವನ್ನು.

ತಿಂಡಿ ಚೀಲ ತೆರೆದಿಡಬೇಡಿ, ಮಂಗಗಳು ಜಾಸ್ತಿ. ಮಧ್ಯಾಹ್ನದ ತರಗತಿ ಇಟ್ಟರೆ ಮತ್ತೆ ಫೀ ಕಟ್ಟುತ್ತೇನೆ.