ತಾಮ್ರವೋ ರಂಜಕವೋ: ಕಬ್ಬಿಣದ ಪುಡಿಯ ಎರಡು ಮಿಶ್ರಣಗಳ ಹೋಲಿಕೆ

ಶಿರಸಿಯ ನಮ್ಮ ವರ್ಕ್‌ಶಾಪಿಗೆ ದುರಸ್ತಿಗೆ ಬರುವ ಚಾಲಿ (ಒಣಗಿಸಿದ ಅಡಿಕೆ) ಸುಲಿಯುವ ಯಂತ್ರಗಳಲ್ಲಿ ಬುಶ್, ಅಂದರೆ ತಿರುಗುವ ದಂಡವನ್ನು ಹಿಡಿದಿಡುವ ಉಂಗುರ, ಸವೆದಿರುತ್ತದೆ, ಇಲ್ಲವೇ ಲಿವರ್ ಮುರಿದಿರುತ್ತದೆ. ಇವೆರಡನ್ನೂ ಕಬ್ಬಿಣದ ಪುಡಿಯನ್ನು ಅಚ್ಚಿನಲ್ಲಿ ಒತ್ತಿ, ಕುಲುಮೆಯಲ್ಲಿ ಸಿಂಟರ್ ಮಾಡಿ (ಪೂರ್ತಿ ಕರಗಿಸದೆ ಕಾಯಿಸಿ ಕಣಗಳನ್ನು ಬೆಸೆದು) ತಯಾರಿಸಬಹುದೇ ಎಂದು ತಿಳಿಯಲು ಕಳೆದ ಮಳೆಗಾಲದಲ್ಲಿ ಎರಡು ಮಿಶ್ರಣಗಳನ್ನು ಪರೀಕ್ಷಿಸಿದೆ. ಮೊದಲನೆಯದರಲ್ಲಿ ಶೇ. 2 ತಾಮ್ರ ಮತ್ತು ಶೇ. 0.7 ಗ್ರಾಫೈಟ್ (ಇಂಗಾಲದ ಒಂದು ರೂಪ) ಇದ್ದವು. ಎರಡನೆಯದರಲ್ಲಿ ಗ್ರಾಫೈಟ್ ಇರಲಿಲ್ಲ. ಫೆರೋಫಾಸ್ಫರಸ್ ಎಂಬ ಕಬ್ಬಿಣ-ರಂಜಕ ಕೂಟದ ಪುಡಿಯ ರೂಪದಲ್ಲಿ ಶೇ. 0.45 ರಂಜಕವಿತ್ತು. ಹೊರವ್ಯಾಸ 20 ಮಿ.ಮೀ., ಒಳವ್ಯಾಸ 10 ಮಿ.ಮೀ. ಇರುವ ಉಂಗುರಗಳನ್ನು 14 ಟನ್ ಭಾರದಲ್ಲಿ ಒತ್ತಿ, ನೈಟ್ರೋಜನ್ ಮತ್ತು ಹೈಡ್ರೋಜನ್ ಬೆರೆತ ಅನಿಲದಲ್ಲಿ 1120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಇಟ್ಟೆ.

ಆ ಶಾಖದಲ್ಲಿ ಎರಡರೊಳಗೂ ದ್ರವ ಹುಟ್ಟುತ್ತದೆ: ತಾಮ್ರ ಸುಮಾರು 1085 ಡಿಗ್ರಿಯಲ್ಲಿ ಕರಗಿದರೆ, ಕಬ್ಬಿಣ ಮತ್ತು ರಂಜಕದ ಕೂಟ 1050 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ. ದ್ರವ ಬಂದರೆ ತುಂಡು ಕುಗ್ಗುತ್ತದೆ ಎಂದೇ ನಾನು ಭಾವಿಸಿದ್ದೆ. ಅಚ್ಚಿನಿಂದ ಹೊರಬಂದಾಗ ಎರಡೂ 20.03 ಮಿ.ಮೀ. ಇದ್ದವು, ಕುಲುಮೆಯಿಂದ ತೆಗೆದು ತಣಿಸಿ ಮೈಕ್ರೋಮೀಟರ್ ಹಿಡಿದಾಗ ತಾಮ್ರದ ಉಂಗುರ 20.09ಕ್ಕೆ ಉಬ್ಬಿತ್ತು, ರಂಜಕದ್ದು 19.96ಕ್ಕೆ ಇಳಿದಿತ್ತು. ಕರಗಿದ ತಾಮ್ರ ಕಣಗಳ ನಡುವೆ ಮಾತ್ರವಲ್ಲದೆ ಕಣದೊಳಗಿನ ಹರಳುಗಳ ಅಂಚುಗಳಲ್ಲೂ ನುಗ್ಗಿ ಅವುಗಳನ್ನು ಒಂದರಿಂದೊಂದು ದೂರ ತಳ್ಳುತ್ತದೆ, ತಾನಿದ್ದ ಜಾಗದಲ್ಲಿ ತೂತನ್ನು ಬಿಡುತ್ತದೆ. ಗ್ರಾಫೈಟ್ ಈ ನುಗ್ಗುವಿಕೆಗೆ ತಡೆಯೊಡ್ಡುವುದರಿಂದಲೇ ನನ್ನ ಉಂಗುರ ಇಷ್ಟರಲ್ಲಿ ನಿಂತಿತು. ರಂಜಕದ ದ್ರವವಾದರೋ ಬೇಗನೆ ಕಬ್ಬಿಣದಲ್ಲಿ ಇಂಗಿ, ಆ ಶಾಖದಲ್ಲಿ ಆಸ್ಟೆನೈಟ್ ಆಗಿರಬೇಕಾದ ಕಬ್ಬಿಣವನ್ನು ಅಲ್ಲಲ್ಲಿ ಫೆರೈಟ್ ಆಗಿಸುತ್ತದೆ (ಇವೆರಡೂ ಕಬ್ಬಿಣದ ಬೇರೆ ಬೇರೆ ಹರಳು ರೂಪಗಳು). ಫೆರೈಟ್‌ನಲ್ಲಿ ಕಬ್ಬಿಣದ ಪರಮಾಣುಗಳ ಚಲನೆ ಸುಮಾರು ನೂರು ಪಟ್ಟು ಚುರುಕು; ಹಾಗಾಗಿ ಬೆಸುಗೆ ಗಟ್ಟಿಯಾಗಿ, ತೂತುಗಳು ದುಂಡಗಾಗುತ್ತವೆ. ಉಜ್ಜಿ ಹೊಳಪಿಸಿದ ತುಂಡನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ರಂಜಕದ ತೂತುಗಳು ಸಾಸಿವೆ ಚೆಲ್ಲಿದಂತೆ ಕಂಡವು. ತಾಮ್ರದ ತುಂಡಿನಲ್ಲಿ ಮೂಲೆಮೂಲೆಯ ತೂತುಗಳಿದ್ದವು.

ಬಲದಲ್ಲೂ ಇದೇ ಭೇದ. ಇದೇ ರೀತಿ ಮಾಡಿದ ಪಟ್ಟಿಗಳನ್ನು ವೈಸಿಗೆ ಕಚ್ಚಿಸಿ ಸುತ್ತಿಗೆಯಿಂದ ಹೊಡೆದಾಗ ತಾಮ್ರದ ಪಟ್ಟಿ ಬಾಗದೆ ಮುರಿಯಿತು, ಆದರೆ ಅದರ ಮೇಲೆ ಅರ ಹಿಡಿಯುವುದೇ ಕಷ್ಟವಾಗಿತ್ತು. ರಂಜಕದ ಪಟ್ಟಿ ಅರಕ್ಕೆ ಸುಲಭವಾಗಿ ಬಗ್ಗಿತು, ಹೊಡೆತಕ್ಕೆ ಬಾಗಿತೇ ಹೊರತು ತುಂಡಾಗಲಿಲ್ಲ. ಎರಡರ ಗುಣವೂ ಒಂದೇ ತುಂಡಿನಲ್ಲಿ ಸಿಗಲೆಂಬ ಆಸೆಯಿಂದ ರಂಜಕದ ಮಿಶ್ರಣಕ್ಕೆ ಶೇ. 0.5 ಗ್ರಾಫೈಟ್ ಬೆರೆಸಿದ್ದು ನನ್ನ ದೊಡ್ಡ ತಪ್ಪು: ಮೊದಲ ಪೆಟ್ಟಿಗೇ ಮುರಿದು, ಮುರಿದ ಮೈ ಕಲ್ಲುಸಕ್ಕರೆಯಂತೆ ಹೊಳೆಯಿತು. ಈ ಎರಡನ್ನು ಯಾರೂ ಕೂಡಿಸಬಾರದು. ಬೋರಾನ್ ಬಗ್ಗೆಯೂ ಯೋಚಿಸಿದ್ದೆ, ಆದರೆ ಅದರ ದ್ರವಕ್ಕೆ 1175 ಡಿಗ್ರಿಯ ಹತ್ತಿರದ ಶಾಖ ಬೇಕು. ನಮ್ಮ ಕುಲುಮೆಗೆ ಅದು ಮೀರಿದ್ದು.

ಇಲ್ಲಿನ ಆಷಾಢದ ತೇವವನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಮುಚ್ಚಳ ಸಡಿಲವಾಗಿದ್ದ ಡಬ್ಬದ ಪುಡಿ ಒಂದು ರಾತ್ರಿಯಲ್ಲಿ ಗಂಟುಕಟ್ಟಿ ಲಾಳಿಕೆಯಿಂದ ಇಳಿಯಲಿಲ್ಲ. ಕುಲುಮೆಯ ಅನಿಲದಲ್ಲಿ ತೇವ ಸೇರಿದರೆ ಅದು ಮೇಲ್ಮೈಯ ಇಂಗಾಲವನ್ನು ಸುಟ್ಟು ತಾಮ್ರದ ತುಂಡನ್ನು ಮೆತ್ತಗಾಗಿಸುತ್ತದೆ. ಇಂಗಾಲವೇ ಇಲ್ಲದ ರಂಜಕದ ತುಂಡಿಗೆ ಆ ನಷ್ಟವಿಲ್ಲ. ಆದರೆ ಫೆರೋಫಾಸ್ಫರಸ್‌ನ ಗಡಸು ಕಣಗಳು ಅಚ್ಚನ್ನು ಸವೆಸುತ್ತವೆ ಎಂಬುದನ್ನು ಮರೆಯುವಂತಿಲ್ಲ.

ಕೊನೆಗೆ ಪೆಟ್ಟು ತಿನ್ನುವ ಲಿವರಿಗೆ ರಂಜಕವನ್ನೂ, ಉಜ್ಜಾಟ ತಾಳಬೇಕಾದ ಬುಶ್ಶಿಗೆ ತಾಮ್ರವನ್ನೂ ಆರಿಸಿಕೊಂಡೆ. ಎಣ್ಣೆ ಹೀರಿಕೊಳ್ಳಲು ತೂತು ಉಳಿಯಲೆಂದು ಬುಶ್ಶನ್ನು ಕಡಿಮೆ ಭಾರದಲ್ಲಿ ಒತ್ತುತ್ತಿದ್ದೇನೆ. ಒಂದು ಉಬ್ಬುತ್ತದೆ, ಇನ್ನೊಂದು ಕುಗ್ಗುತ್ತದೆ. ಆದ್ದರಿಂದ ಬುಶ್ಶಿನ ಅಚ್ಚನ್ನು ಬೇಕಾದ ಅಳತೆಗಿಂತ ತುಸು ಕಿರಿದಾಗಿಯೂ, ಲಿವರಿನದನ್ನು ತುಸು ಹಿರಿದಾಗಿಯೂ ಕೊರೆಸಿದ್ದೇನೆ.